ಲೆಕ್ಕಕ್ಕೆ ಬಾರದ ಮಶೇರಿ: ನಿಪ್ಪಾಣಿ ಸೀಮೆಯ ಒಂದು ಪ್ರಕರಣ ಅಧ್ಯಯನ

ಶಾಲೆಯ ಮಕ್ಕಳನ್ನು ತಂಬಾಕಿನಿಂದ ದೂರ ಇಡುವ ನಮ್ಮ ಕಾರ್ಯಕ್ರಮದ ಮೊದಲ ಸಮೀಕ್ಷೆಯ ಹಾಳೆಗಳನ್ನು ನಾನು ಶಾಲೆಯ ಕಟ್ಟೆಯ ಮೇಲೆ ಕುಳಿತೇ ತಿರುವಿ ಹಾಕಿದೆ. "ಕಳೆದ 30 ದಿನಗಳಲ್ಲಿ ಯಾವುದೇ ರೂಪದಲ್ಲಿ ತಂಬಾಕು ಬಳಸಿದ್ದೀಯಾ?" ಎಂಬ ಪ್ರಶ್ನೆಗೆ ಏಳು, ಎಂಟು, ಒಂಬತ್ತನೆಯ ತರಗತಿಯ ಮಕ್ಕಳೆಲ್ಲ "ಇಲ್ಲ" ಎಂದೇ ಗುರುತು ಹಾಕಿದ್ದರು. ಒಂದೇ ಒಂದು ಹಾಳೆಯಲ್ಲಿ "ಹೌದು" ಇತ್ತು. ಅದನ್ನೂ ರಬ್ಬರಿನಿಂದ ಉಜ್ಜಿ "ಇಲ್ಲ" ಮಾಡಲಾಗಿತ್ತು. ಕಾಗದ ತೂತು ಬೀಳುವಷ್ಟು ಉಜ್ಜಿತ್ತು ಆ ಮಗು.

"ಊರು ಭಾಳ ಚಲೋ ಐತಿ ನೋಡ್ರಿ" ಎಂದು ನಮ್ಮ ತಂಡದ ಹಿರಿಯರೊಬ್ಬರು ನಕ್ಕರು. ನಾನೂ ನಕ್ಕೆ. ಶಾಲೆಯ ಹಿಂದಿನ ಗಟಾರದ ತುಂಬ ಪಾನ್ ಮಸಾಲಾದ ಖಾಲಿ ಪಾಕೀಟುಗಳು ಬಿದ್ದಿದ್ದವು. ಮಕ್ಕಳು ಸುಳ್ಳು ಹೇಳಿದ್ದಾರೆ ಎಂದುಕೊಂಡೆವು. ತಪ್ಪು ಇದ್ದದ್ದು ಬೇರೆ ಕಡೆ ಎಂದು ತಿಳಿಯಲು ಒಂದೂವರೆ ವರ್ಷ ಹಿಡಿಯಿತು. ಈ ಬರಹ ಆ ಒಂದೂವರೆ ವರ್ಷದ್ದು.

ಊರಿನ ಹೆಸರು ಬರೆಯುವುದಿಲ್ಲ. ಚಿಕ್ಕೋಡಿಯಿಂದ ನಿಪ್ಪಾಣಿಗೆ ಹೋಗುವಾಗ ಒಳಗೆ ತಿರುಗಿದರೆ ಸಿಗುವ ಊರುಗಳಲ್ಲಿ ಒಂದು. ಕನ್ನಡ ಶಾಲೆ, ಮರಾಠಿ ಶಾಲೆ ಒಂದೇ ಆವಾರದಲ್ಲಿವೆ. ಮಾತು ಕನ್ನಡದಲ್ಲಿ ಶುರುವಾಗಿ ಮರಾಠಿಯಲ್ಲಿ ಮುಗಿಯುತ್ತದೆ, ಬೈಗುಳ ಎರಡರಲ್ಲೂ ಸಿಗುತ್ತದೆ. ನಮ್ಮ ಸಂಖ್ಯೆಗಳನ್ನೂ ಇಲ್ಲಿ ಕೊಡುತ್ತಿಲ್ಲ. ಒಂದೂರಿನ ಸಣ್ಣ ಲೆಕ್ಕ ಊರ ಹೊರಗೆ ಹೋದ ಮೇಲೆ ಶೇಕಡಾವಾರು ಆಗಿ, ಆಮೇಲೆ ಯಾರದೋ ಭಾಷಣದಲ್ಲಿ "ಬೆಳಗಾವಿ ಜಿಲ್ಲೆಯಲ್ಲಿ" ಎಂದಾಗುವುದನ್ನು ನೋಡಿದ್ದೇನೆ.

ತಂಬಾಕಿನ ಸೀಮೆ

ಕರ್ನಾಟಕದಲ್ಲಿ ತಂಬಾಕು ಎಂದರೆ ಮೈಸೂರು ಕಡೆಯವರಿಗೆ ಹುಣಸೂರು, ಪಿರಿಯಾಪಟ್ಟಣದ ವರ್ಜೀನಿಯಾ, ಸಿಗರೇಟಿಗೆ ಹೋಗುವ ಎಲೆ. ನಿಪ್ಪಾಣಿಯದು ಬೀಡಿ ತಂಬಾಕು. ಮಳೆಗಾಲದಲ್ಲಿ ಸಸಿ ನೆಟ್ಟು, ಚಳಿಗಾಲದಲ್ಲಿ ಕೊಯ್ದು, ಬಿಸಿಲಿಗೇ ಒಣಗಿಸುವ ಬೆಳೆ. ಒಣಗಿದ್ದು ವಖಾರಿಗೆ, ಅಂದರೆ ತಂಬಾಕಿನ ಗೋದಾಮಿಗೆ ಬರುತ್ತದೆ. ಅಲ್ಲಿ ಹೆಂಗಸರು ಕುಟ್ಟಿ, ಜರಡಿ ಹಿಡಿದು, ಕಡ್ಡಿ ಬೇರೆ ಪುಡಿ ಬೇರೆ ಮಾಡುತ್ತಾರೆ. ಸಂಜೆ ಅವರು ಮನೆಗೆ ಬರುವಾಗ ಸೀರೆ, ಕೂದಲು, ಕೈ ಎಲ್ಲಕ್ಕೂ ಅದೇ ಘಾಟು.

ಈ ಬೆಳೆಯ ಮೇಲೆ ಊರಿಗೆ ಇರುವ ಮಮತೆಯನ್ನು ಹೊರಗಿನವರು ಬೇಗ ಅರಿಯುವುದಿಲ್ಲ. 1981ರಲ್ಲಿ ರೈತ ನಾಯಕ ಶರದ್ ಜೋಶಿಯವರ ಮುಂದಾಳತ್ವದಲ್ಲಿ ತಂಬಾಕು ಬೆಳೆಗಾರರು ಯೋಗ್ಯ ಬೆಲೆ ಕೇಳಿ ನಿಪ್ಪಾಣಿಯ ಬಳಿ ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆ ಕುಳಿತರು. ಏಪ್ರಿಲಿನಲ್ಲಿ ಗೋಲಿಬಾರ್ ಆಯಿತು, ರೈತರು ಸತ್ತರು. ಆ ನೆನಪು ಇನ್ನೂ ಹಸಿಯಾಗಿರುವ ಮನೆಗಳಿಗೆ ಹೋಗಿ "ತಂಬಾಕು ವಿಷ" ಎಂದು ಬರೆದ ಭಿತ್ತಿಪತ್ರ ಅಂಟಿಸಿದ್ದೆವು ನಾವು. ಶಾಲೆಯ ಮುಖ್ಯ ಗುರುಗಳೇ ಒಂದು ದಿನ ಮೆಲ್ಲಗೆ ಹೇಳಿದರು: "ಮೇಡಮ್, ನಾ ಡಿ.ಎಡ್ ಮಾಡಿದ್ದು ತಂಬಾಕಿನ ರೊಕ್ಕದಾಗ. ಅದನ್ನ ವಿಷ ಅನ್ನಾಕ ನನಗ ನಾಲಿಗಿ ಹೊರಳೂದಿಲ್ಲ." ಮುಂದಿನ ವಾರ ಆ ಭಿತ್ತಿಪತ್ರ ತೆಗೆದೆವು. ಬೆಳೆಯುವವರ ಬದುಕು ಬೇರೆ ಪ್ರಶ್ನೆ, ಬಾಯಿಗೆ ಹಾಕುವುದು ಬೇರೆ ಪ್ರಶ್ನೆ. 2004ರಲ್ಲಿ ಭಾರತ ಅನುಮೋದಿಸಿದ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದದಲ್ಲೂ ಬೆಳೆಗಾರರ ಪರ್ಯಾಯ ಜೀವನೋಪಾಯಕ್ಕೆ 17ನೆಯ ಕಲಂ ಬೇರೆಯೇ ಇದೆ.

ಮೊದಲ ವರ್ಷ ನಾವು ಏನನ್ನು ಅಳೆದೆವು

ಕಾರ್ಯಕ್ರಮ ಎಲ್ಲ ಕಡೆ ನಡೆಯುವಂಥದೇ. ಕೇಂದ್ರ ಆರೋಗ್ಯ ಸಚಿವಾಲಯದ 2019ರ "ತಂಬಾಕು ಮುಕ್ತ ಶಿಕ್ಷಣ ಸಂಸ್ಥೆ" ಮಾರ್ಗಸೂಚಿಯಲ್ಲಿ ಒಂಬತ್ತು ಅಂಶಗಳಿವೆ: ಒಳಗೊಂದು ಫಲಕ, ಗೇಟಿನ ಹೊರಗೊಂದು ಫಲಕ, ಆವರಣದಲ್ಲಿ ಬೀಡಿ ತುಂಡು ಅಥವಾ ಪಾಕೀಟು ಇರಬಾರದು, ಆರು ತಿಂಗಳಿಗೊಮ್ಮೆ ಒಂದು ಚಟುವಟಿಕೆ, ಗೋಡೆಯಿಂದ 100 ಗಜಕ್ಕೆ ಹಳದಿ ಗೆರೆ, ಆ ಗೆರೆಯೊಳಗೆ ತಂಬಾಕು ಮಾರುವ ಅಂಗಡಿ ಇಲ್ಲದಿರುವುದು, ಹೀಗೆ. ಪ್ರತಿಯೊಂದಕ್ಕೂ ಅಂಕ, ಒಟ್ಟು ನೂರು. 2003ರ ತಂಬಾಕು ನಿಯಂತ್ರಣ ಕಾಯ್ದೆ, ಅಂದರೆ ಕೋಟ್ಪಾದ 6ನೆಯ ಕಲಮಿನ 100 ಗಜವೇ ಇದರ ಬೇರು. ಮೀಟರಿನಲ್ಲಿ 91ಕ್ಕೆ ಸ್ವಲ್ಪ ಹೆಚ್ಚು. ಟೇಪು ಹಿಡಿದು ಅಳೆದಾಗ ಒಂದು ಡಬ್ಬಿ ಅಂಗಡಿ ಗೆರೆಯ ಮೇಲೆಯೇ ಬಂತು. ಅಂಗಡಿಯಾತ ಡಬ್ಬಿಯನ್ನು ನಾಲ್ಕು ಹೆಜ್ಜೆ ಆಚೆ ಸರಿಸಿದ. ನಮಗೆ ಪೂರ್ಣ ಅಂಕ. ಮಕ್ಕಳಿಗೆ ನಾಲ್ಕು ಹೆಜ್ಜೆ ಹೆಚ್ಚು ನಡೆಯುವ ಕೆಲಸ.

ಶಾಲೆಗೆ ಒಳ್ಳೆಯ ಅಂಕವೇ ಬಂತು. ನಾನು ಅದನ್ನು ಕಡೆಗಣಿಸುವುದಿಲ್ಲ. ಫಲಕ ಇರುವ ಶಾಲೆಯಲ್ಲಿ ಗುರುಗಳು ಬೀಡಿ ಹಚ್ಚುವುದು ನಿಂತಿತು, ಅದೇನು ಸಣ್ಣ ಮಾತಲ್ಲ. ಆದರೆ ಆ ನೂರು ಅಂಕ ಹೇಳುವುದು ಗೋಡೆಯ ಬಗ್ಗೆ, ಗೇಟಿನ ಬಗ್ಗೆ, ಅಂಗಡಿಯ ಬಗ್ಗೆ. ಮಗುವಿನ ಬಾಯಿಯ ಬಗ್ಗೆ ಒಂದಂಕವೂ ಇಲ್ಲ. ಅದಕ್ಕಾಗಿಯೇ ಪ್ರಶ್ನಾವಳಿ ಮಾಡಿದ್ದೆವು, ಅದರಲ್ಲಿ ಎಲ್ಲರೂ "ಇಲ್ಲ" ಎಂದಿದ್ದರು.

ನಂಬದಿರಲು ಕಾರಣಗಳೂ ಇದ್ದವು. ಹಾಳೆಯ ಮೇಲೆ ಹೆಸರು ಇರಲಿಲ್ಲ ನಿಜ, ಆದರೆ ಹಾಳೆ ಹಂಚಿದವರು, ಮರಳಿ ಪಡೆದವರು ತರಗತಿಯ ಗುರುಗಳೇ. ಮಕ್ಕಳ ಅಕ್ಷರ ಅವರಿಗೆ ಮುಖದಷ್ಟೇ ಪರಿಚಯ. 2019ರ ಜಾಗತಿಕ ಯುವ ತಂಬಾಕು ಸಮೀಕ್ಷೆಯಲ್ಲಿ 13ರಿಂದ 15 ವರ್ಷದ ವಿದ್ಯಾರ್ಥಿಗಳಲ್ಲಿ ತಂಬಾಕು ಬಳಕೆ ದೇಶಕ್ಕೆ ಶೇ 8.5, ಕರ್ನಾಟಕಕ್ಕೆ ಬರೀ ಶೇ 1.2 ಬಂದಿತ್ತು. ಹಾಗಾಗಿ ಸೊನ್ನೆ ಬರುವುದು ಅಸಾಧ್ಯವೇನೂ ಅಲ್ಲ ಎಂದು ಕೆಲವರು ವಾದಿಸಿದರು. ಗಟಾರದ ಪಾಕೀಟು ಕಂಡ ನಮಗೆ ಸಮಾಧಾನವಾಗಲಿಲ್ಲ.

ಕೋಟಿನಿನ್ ಪರೀಕ್ಷೆಯ ಮಾತು ಬಂತು. ನಿಕೋಟಿನ್ ದೇಹದಲ್ಲಿ ಒಡೆದಾಗ ಆಗುವ ವಸ್ತು ಅದು, ಉಗುಳಿನಲ್ಲೂ ಮೂತ್ರದಲ್ಲೂ ಕೆಲವು ದಿನ ಸಿಗುತ್ತದೆ, ಸುಳ್ಳು ಹೇಳುವುದಿಲ್ಲ. ಹಣವಿಲ್ಲವೆಂದು ಕೈಬಿಟ್ಟೆವು. ಈಗ ನೆನೆಸಿಕೊಂಡರೆ ಹಣವಿಲ್ಲದ್ದು ಪುಣ್ಯ ಎನಿಸುತ್ತದೆ. ತಂಬಾಕಿನ ಹಸಿ ಎಲೆಯನ್ನು ಒದ್ದೆ ಕೈಯಲ್ಲಿ ಮುಟ್ಟಿದರೂ ನಿಕೋಟಿನ್ ಚರ್ಮದೊಳಗೆ ಇಳಿಯುತ್ತದೆ. ಕೊಯ್ಲಿನಲ್ಲಿ ತಲೆ ಸುತ್ತಿ ವಾಂತಿಯಾಗುವುದು ಅದರಿಂದಲೇ. ರಜೆಯಲ್ಲಿ ಹೊಲಕ್ಕೆ ಹೋಗುವ ಮಗುವಿನ ಉಗುಳಿನಲ್ಲಿ ಕೋಟಿನಿನ್ ಸಿಕ್ಕರೆ ಅದು ತಿಂದದ್ದೋ, ಮುಟ್ಟಿದ್ದೋ ಎಂದು ಸುಲಭಕ್ಕೆ ಬಿಡಿಸಲಾಗುತ್ತಿರಲಿಲ್ಲ. ಪಟ್ಟಣದಲ್ಲಿ ನಡೆಯುವ ಪರೀಕ್ಷೆ ವಖಾರಿಯ ಊರಿನಲ್ಲಿ ನಡೆಯದು.

ಆಮೇಲೆ ಮಾಡಿದ್ದು ಪಾಕೀಟು ಎಣಿಸುವುದು. ನಗಬೇಡಿ, ಇದು ಒಳ್ಳೆಯ ವಿಧಾನ. ಶಾಲೆಯ ಸುತ್ತ ಗೊತ್ತುಪಡಿಸಿದ ದಾರಿ ಗುಡಿಸಿ ಸ್ವಚ್ಛ ಮಾಡಿ, ಏಳು ದಿನ ಬಿಟ್ಟು ಬಿದ್ದದ್ದನ್ನು ಆರಿಸಿ ಎಣಿಸುವುದು. ರಾಜ್ಯದಲ್ಲಿ ಗುಟ್ಕಾ ನಿಷೇಧವಾದದ್ದು 2013ರ ಮೇ ಕೊನೆಗೆ. ತಿನ್ನುವ ಪದಾರ್ಥದಲ್ಲಿ ತಂಬಾಕು, ನಿಕೋಟಿನ್ ಬೆರೆಸಬಾರದು ಎಂಬ 2011ರ ಆಹಾರ ಸುರಕ್ಷತಾ ನಿಯಮದ ಬಲದಿಂದ. ಅಂದಿನಿಂದ ಪಾನ್ ಮಸಾಲಾ ಒಂದು ಪಾಕೀಟು, ತಂಬಾಕು ಇನ್ನೊಂದು ಪಾಕೀಟು. ಅಂಗಡಿಯಲ್ಲಿ "ಜೋಡಿ" ಎಂದರೆ ಎರಡೂ ಕೈಗೆ ಬರುತ್ತವೆ, ಬಾಯಲ್ಲಿ ಗುಟ್ಕಾ ಆಗುತ್ತದೆ. ಹಾಗಾಗಿ ನಾವು ಎರಡನ್ನೂ ಬೇರೆ ಬೇರೆ ಎಣಿಸಿದೆವು.

ಮೊದಲ ಎಣಿಕೆ ಜುಲೈಯಲ್ಲಿ, ಎರಡನೆಯದು ಜನವರಿಯಲ್ಲಿ. ಜನವರಿಯಲ್ಲಿ ಪಾಕೀಟುಗಳು ಕಣ್ಣಿಗೆ ರಾಚುವಷ್ಟು ಹೆಚ್ಚಿದ್ದವು. ನಮ್ಮ ಎದೆ ಧಸಕ್ ಎಂದಿತು. ಆರು ತಿಂಗಳ ಕೆಲಸ ಮಾಡಿ ಊರನ್ನು ಹಾಳು ಮಾಡಿದೆವೇ? ಶಾಲೆಯ ಬಿಸಿಯೂಟದ ಅಡುಗೆಯಾಕೆ ಒಂದೇ ಮಾತಿನಲ್ಲಿ ಬಿಡಿಸಿದಳು: "ಕಬ್ಬಿನ ಗ್ಯಾಂಗ್ ಬಂದೈತಲ್ರಿ ಅಕ್ಕಾರ." ಕಾರ್ಖಾನೆ ಶುರುವಾದ ಮೇಲೆ ಕಬ್ಬು ಕಡಿಯುವವರ ಟೋಳಿಗಳು ಬಂದು ಶಾಲೆಯ ಹಿಂದಿನ ಬಯಲಿನಲ್ಲೇ ಜೋಪಡಿ ಹಾಕಿದ್ದವು. ಪಾಕೀಟು ಅವರವು. ಕಬ್ಬಿನ ಬೀಡಾಗಿರುವ ಜಿಲ್ಲೆಯಲ್ಲಿ ಹಂಗಾಮಿನ ಲೆಕ್ಕ ಹಿಡಿಯದೆ ಜುಲೈಯನ್ನು ಜನವರಿಗೆ ಹೋಲಿಸಿದ್ದು ನನ್ನದೇ ತಪ್ಪು. ಹೋಲಿಕೆಗೆ ಪಕ್ಕದ ಊರೊಂದನ್ನು ಇಟ್ಟುಕೊಂಡಿದ್ದರೆ ಅಲ್ಲೂ ಪಾಕೀಟು ಹೆಚ್ಚಿದ್ದು ಕಾಣುತ್ತಿತ್ತು, ಎದೆ ಹೊಡೆದುಕೊಳ್ಳುತ್ತಿರಲಿಲ್ಲ.

ಹೋಲಿಕೆಯ ಬೆಲೆ ಏನು ಎಂಬುದಕ್ಕೆ ನಮ್ಮ ದೇಶದಲ್ಲೇ ಒಳ್ಳೆಯ ಉದಾಹರಣೆ ಇದೆ. ದೆಹಲಿ ಮತ್ತು ಚೆನ್ನೈನ 32 ಶಾಲೆಗಳಲ್ಲಿ ಎರಡು ವರ್ಷ ನಡೆದ "ಮೈತ್ರಿ" ಯೋಜನೆಯಲ್ಲಿ ಅರ್ಧ ಶಾಲೆಗಳಿಗೆ ಕಾರ್ಯಕ್ರಮ ಕೊಟ್ಟು ಅರ್ಧಕ್ಕೆ ಕೊಡದೆ ನೋಡಿದರು. ಕೊಟ್ಟ ಕಡೆ ತಂಬಾಕು ಬಳಕೆ ಶೇ 17ರಷ್ಟು ಇಳಿಯಿತು, ಕೊಡದ ಕಡೆ ಶೇ 68ರಷ್ಟು ಏರಿತು. ಕೊಡದ ಶಾಲೆಗಳನ್ನು ನೋಡದೆ ಹೋಗಿದ್ದರೆ ಆ ಶೇ 17ರ ಇಳಿಕೆ ಸಪ್ಪೆಯಾಗಿ ಕಾಣುತ್ತಿತ್ತು. ವಯಸ್ಸು ಏರುತ್ತಿದ್ದಂತೆ ಚಟವೂ ಏರುವ ಮಕ್ಕಳಲ್ಲಿ ಏರದೆ ಉಳಿಸುವುದೇ ದೊಡ್ಡ ಕೆಲಸ.

ಡಬ್ಬಿ

ಎರಡನೆಯ ವರ್ಷ ಅಂಗನವಾಡಿಯಲ್ಲಿ ತಾಯಂದಿರ ಸಭೆ. ಆಶಾ ಕಾರ್ಯಕರ್ತೆ ಕರೆದಿದ್ದಳು. ವಖಾರಿಗೆ ಹೋಗುವವರು, ಗರ್ಭಿಣಿಯರು, ಅವರ ಅತ್ತೆಯರು. ನಾನು ವಾಡಿಕೆಯಂತೆ ಕೇಳಿದೆ, "ನಿಮ್ಮೊಳಗ ಯಾರರ ತಂಬಾಕ ತಿಂತೀರೇನ್ರಿ?"

ಕೆಲವರು ನಕ್ಕರು, ಕೆಲವರಿಗೆ ಸಿಟ್ಟೇ ಬಂತು. "ನಾವ್ಯಾಕ ತಿನ್ನೂನ್ರಿ? ಅದ ಗಂಡಸರ ಕೆಲಸ."

ಸುಮ್ಮನೆ ಮಾತು ಬದಲಿಸಲು, ಮುಂದಿನ ವಾರದ ಹಲ್ಲಿನ ತಪಾಸಣೆಯ ವಿಷಯ ತೆಗೆದು, "ಮುಂಜಾನೆ ಹಲ್ಲ ಯಾತರ್ಲೆ ತಿಕ್ಕತೀರಿ?" ಎಂದೆ.

"ಮಶೇರಿ."

ಒಬ್ಬಳಲ್ಲ, ಸಭೆಯ ಹೆಚ್ಚಿನವರು ಒಟ್ಟಿಗೆ ಹೇಳಿದರು. ಆಶಾ ಕಾರ್ಯಕರ್ತೆಯೂ. ಒಬ್ಬ ಮುದುಕಿ ಸೊಂಟದ ಚೀಲದಿಂದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿ ನನ್ನ ಮುಂದೆ ಹಿಡಿದಳು. ಕರಿ ಪುಡಿ, ಸುಟ್ಟ ವಾಸನೆ.

ನಾನು ಬಾಗಲಕೋಟೆ ಕಡೆಯವಳು. ನಮ್ಮಲ್ಲಿ ಎಲಿ-ಅಡಿಕಿ-ತಂಬಾಕು ಕಂಡಿದ್ದೆ, ತಪಕೀರು (ನಶ್ಯ) ಕಂಡಿದ್ದೆ, ಇದನ್ನು ಕಂಡಿರಲಿಲ್ಲ. ಪುಸ್ತಕದಲ್ಲಿ "ಮಿಶ್ರಿ" ಎಂದು ಓದಿದ್ದೆ. ಮಹಾರಾಷ್ಟ್ರ, ಗೋವಾ, ಈ ಗಡಿ ಸೀಮೆಯಲ್ಲಿ ಇರುವಂಥದು. ತಂಬಾಕಿನ ಪುಡಿಯನ್ನು ಹಂಚಿನ ಮೇಲೆ ಕರ್ರಗಾಗುವವರೆಗೆ ಹುರಿದು, ಅರೆದು, ಬೆರಳಿನಿಂದ ಹಲ್ಲಿಗೆ, ವಸಡಿಗೆ ಹಚ್ಚುವುದು. ಶುರುವಾಗುವುದು ಹಲ್ಲು ತಿಕ್ಕಲು. ಬರುಬರುತ್ತ ಊಟವಾದ ಮೇಲೊಮ್ಮೆ, ವಖಾರಿಯ ಬಿಡುವಿನಲ್ಲೊಮ್ಮೆ, ಮಲಗುವಾಗೊಮ್ಮೆ. ಹಚ್ಚದಿದ್ದರೆ ತಲೆ ಹಿಡಿಯುತ್ತದೆ, ಹೊಟ್ಟೆ ಸಾಫ್ ಆಗುವುದಿಲ್ಲ ಎನ್ನುತ್ತಾರೆ. ಅದು ಚಟದ ಮಾತೇ. ಆದರೆ ಅವರ ಬಾಯಲ್ಲಿ ಔಷಧದ ಮಾತು.

"ಇದರಾಗ ತಂಬಾಕ ಇರತೈತಲ್ರೀ ಆಯಿ" ಎಂದೆ.

"ಸುಟ್ಟ ಮ್ಯಾಲ ಎಲ್ಲಿಂದ ತಂಬಾಕ, ಯವ್ವಾ? ಬೂದಿ ಅದು."

ಸಂಜೆ ಶಾಲೆಗೆ ಹೋಗಿ ಎಂಟನೆಯ ತರಗತಿಯ ಅಕ್ಕೋರಿಗೆ ಇದನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮೊದಲ ವರ್ಷ ಹಾಳೆ ತುಂಬುವಾಗ ಒಬ್ಬ ಹುಡುಗಿ ಎದ್ದು ನಿಂತು ಕೇಳಿದ್ದನ್ನು ನೆನೆದರು: "ಅಕ್ಕಾರ, ಮಶೇರಿ ತಂಬಾಕಿನ್ಯಾಗ ಬರತೈತೇನ್ರಿ?" ಅಕ್ಕೋರು ಹೇಳಿದ್ದರಂತೆ, "ಅದ ಹಲ್ಲಪುಡಿ, ಅಳಿಸಿಬಿಡು."

ಅಳಿಸಿದ ಆ ಹಾಳೆ ಇಡೀ ಶಾಲೆಯಲ್ಲಿ ನಮ್ಮ ಪ್ರಶ್ನೆಯನ್ನು ಸರಿಯಾಗಿ ಓದಿಕೊಂಡ ಒಂದೇ ಹಾಳೆ. ಅಕ್ಕೋರನ್ನು ದೂರುವಂತಿಲ್ಲ. ಅವರ ತಾಯಿಯೂ ಹಚ್ಚುತ್ತಾರೆ.

ಇದರಿಂದ ತಿರುಗಿ ನೋಡಿದಾಗ ಕಂಡದ್ದು

ನಮ್ಮ ಇಡೀ ಕಾರ್ಯಕ್ರಮ ಅಂಗಡಿಯ ಸುತ್ತ ಕಟ್ಟಿದ್ದು. ನಮ್ಮದಷ್ಟೇ ಅಲ್ಲ, ತಂಬಾಕು ನಿಯಂತ್ರಣದ ಹತಾರಗಳೇ ಬಹುಮಟ್ಟಿಗೆ ಹಾಗಿವೆ. ತೆರಿಗೆ ಹೆಚ್ಚಿಸಿದರೆ ಬಳಕೆ ಇಳಿಯುತ್ತದೆ, ಬಡವರಲ್ಲೂ ಎಳೆಯರಲ್ಲೂ ಹೆಚ್ಚು ಇಳಿಯುತ್ತದೆ. ಇದು ಅನೇಕ ದೇಶಗಳಲ್ಲಿ ಕಂಡ ಸತ್ಯ. ಆದರೆ ಮಶೇರಿಗೆ ಬೆಲೆಯೇ ಇಲ್ಲ. ವಖಾರಿಯ ಜರಡಿಯ ಕೆಳಗಿನ ಪುಡಿ, ಹೊಲದ ಉಳಿಕೆ ಎಲೆ ಪುಕ್ಕಟೆ ಮನೆಗೆ ಬರುತ್ತದೆ. ಪಾಕೀಟಿನ ಮೇಲೆ ಶೇ 85ರಷ್ಟು ಜಾಗದಲ್ಲಿ ಚಿತ್ರ ಎಚ್ಚರಿಕೆ ಬೇಕೆಂಬ ನಿಯಮ 2016ರ ಏಪ್ರಿಲ್ 1ಕ್ಕೆ ಬಂತು. ನಮ್ಮ ರಾಜ್ಯದ ಹೈಕೋರ್ಟು 2017ರ ಡಿಸೆಂಬರಿನಲ್ಲಿ ಅದನ್ನು ರದ್ದು ಮಾಡಿತು, ಮರು ತಿಂಗಳು ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟು ಚಿತ್ರ ಉಳಿಸಿತು. ಅಷ್ಟು ದೊಡ್ಡ ಜಗಳ ನಡೆದ ಆ ಚಿತ್ರವನ್ನು ಮುದುಕಿಯ ಡಬ್ಬಿಯ ಮೇಲೆ ಯಾರು ಅಂಟಿಸುತ್ತಾರೆ? ಅದು ಯಾವುದೋ ಮುಲಾಮಿನ ಹಳೆಯ ಡಬ್ಬಿ. ನೂರು ಗಜದ ಗೆರೆ ಅಡುಗೆಮನೆಯನ್ನು ಮುಟ್ಟದು. ಕೋಟ್ಪಾ ತಿದ್ದುಪಡಿಯಾಗಿ ಈಗ ಕರ್ನಾಟಕದಲ್ಲಿ 21 ವರ್ಷದೊಳಗಿನವರಿಗೆ ತಂಬಾಕು ಮಾರುವಂತಿಲ್ಲ, ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡ 200 ರೂಪಾಯಿಯಿಂದ 1,000ಕ್ಕೆ ಏರಿದೆ. ಅಜ್ಜಿ ಮೊಮ್ಮಗಳಿಗೆ ಮಾರುವುದಿಲ್ಲ, ಬೆರಳಿಗೆ ಚಿಟಿಕೆ ಹಾಕುತ್ತಾಳೆ.

ಇನ್ನೂ ಒಂದು ಸೋಜಿಗ. ತಂಬಾಕು ಬೆರೆಸಿದ ಹಲ್ಲುಪುಡಿ, ಪೇಸ್ಟು ತಯಾರಿಸಿ ಮಾರುವುದನ್ನು ಕೇಂದ್ರ ಸರಕಾರ 1992ರಲ್ಲೇ ನಿಷೇಧಿಸಿದೆ. ಅಂದರೆ ಹಲ್ಲಿಗೆ ತಂಬಾಕು ಹಚ್ಚುವುದರ ಹಾನಿ ಮೂವತ್ತು ವರ್ಷಕ್ಕೂ ಹಿಂದೆಯೇ ಸರಕಾರಕ್ಕೆ ಗೊತ್ತಿತ್ತು. ನಿಷೇಧ ಕಾರ್ಖಾನೆಗೆ, ಹಂಚಿಗಲ್ಲ.

ಲೆಕ್ಕಕ್ಕೆ ಬಾರದಷ್ಟು ಸಣ್ಣ ಸಂಗತಿಯೂ ಇದಲ್ಲ. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ 28.6 ಜನ ತಂಬಾಕು ಬಳಸುತ್ತಾರೆ, ಸೇದದ ತಂಬಾಕಿನದೇ ಮೇಲುಗೈ: ಶೇ 21.4. ಮಿಶ್ರಿ, ಗುಲ್, ಗುಡಾಖುವಿನಂತೆ ಬಾಯಿಗೆ ಹಚ್ಚುವ ತಂಬಾಕು ಶೇ 3.8, ಹೆಚ್ಚುಕಡಿಮೆ ಸಿಗರೇಟಿನಷ್ಟೇ. ಆ ಸಮೀಕ್ಷೆಗೆ ಈ ಸಂಖ್ಯೆ ಸಿಕ್ಕಿದ್ದು ಒಂದೊಂದು ಪದಾರ್ಥವನ್ನೂ ಹೆಸರು ಹಿಡಿದು ಕೇಳಿದ್ದರಿಂದ. ನಾವು "ಯಾವುದೇ ರೂಪದಲ್ಲಿ ತಂಬಾಕು" ಎಂದು ಒಂದೇ ಗಂಟು ಕಟ್ಟಿ ಕೇಳಿದ್ದೆವು. ಹಾಳೆ ಚಿಕ್ಕದಾಗಲಿ ಎಂದು. ಉಳಿಸಿದ್ದು ಅರ್ಧ ಪುಟ.

ಗರ್ಭಿಣಿಯರ ವಿಷಯ ಬಂದಾಗ ಅರ್ಧ ಪುಟದ ನಗೆಚಾಟಿಕೆ ನಿಲ್ಲುತ್ತದೆ. ಮುಂಬಯಿಯಲ್ಲಿ 1,217 ಗರ್ಭಿಣಿಯರನ್ನು ಹೆರಿಗೆಯವರೆಗೆ ಹಿಂಬಾಲಿಸಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಅಲ್ಲಿ ಸೇದದ ತಂಬಾಕು ಬಳಸುತ್ತಿದ್ದ ಹೆಂಗಸರಲ್ಲಿ ಹೆಚ್ಚಿನವರದು ಮಿಶ್ರಿಯೇ. ಅವರ ಮಕ್ಕಳ ತೂಕ ಬಳಸದವರ ಮಕ್ಕಳಿಗಿಂತ ಸರಾಸರಿ 105 ಗ್ರಾಂ ಕಡಿಮೆ, ದಿನ ತುಂಬುವ ಮೊದಲೇ ಹೆರಿಗೆಯಾಗುವುದೂ ಹೆಚ್ಚು. ನಮ್ಮ ಅಂಗನವಾಡಿಯ ತಕ್ಕಡಿಯಲ್ಲಿ ಕೂಸುಗಳನ್ನು ತೂಗಿ, ತೂಕ ಕಡಿಮೆಯಾದರೆ ಪೌಷ್ಟಿಕ ಆಹಾರ, ಕಬ್ಬಿಣದ ಗುಳಿಗೆ ಎಂದು ಓಡಾಡುತ್ತಿದ್ದೆವು. ಸೊಂಟದ ಡಬ್ಬಿಯನ್ನು ಯಾರೂ ಕೇಳಿರಲಿಲ್ಲ.

ಬದಲಿಸಿದ್ದು

ಹೊಸ ಪ್ರಶ್ನಾವಳಿಯಲ್ಲಿ "ತಂಬಾಕು" ಎಂಬ ಪದವನ್ನು ಕೊನೆಯವರೆಗೆ ಬಳಸಲಿಲ್ಲ. ಒಂದು ತಟ್ಟೆಯಲ್ಲಿ ನಮೂನೆಗಳನ್ನು ಇಟ್ಟು ತೋರಿಸಿದೆವು: ಮಶೇರಿ, ಮಾವಾ, ಜರ್ದಾ, ತಪಕೀರು, ಜೋಡಿ ಪಾಕೀಟು, ಬೀಡಿ. "ಇದಕ ನಿಮ್ಮ ಮನ್ಯಾಗ ಏನಂತೀರಿ? ಯಾರ ಬಳಸತಾರ? ನೀ ಯಾವಾಗರ ಹಚ್ಚೀಯೇನು?" ಕೇಳಿದವರು ಗುರುಗಳಲ್ಲ, ಬೇರೆ ಊರಿನ ಹುಡುಗಿಯರು. ಮಕ್ಕಳನ್ನು ಒಬ್ಬೊಬ್ಬರಾಗಿ, ಕಿಟಕಿ ತೆರೆದ ಕೋಣೆಯಲ್ಲಿ, ಹೊರಗಿನವರಿಗೆ ಕಾಣುವಂತೆ ಆದರೆ ಕೇಳದಂತೆ ಕೂರಿಸಿ ಕೇಳಿದರು. ಪಾಲಕರ ಒಪ್ಪಿಗೆಯನ್ನು ಮೊದಲೇ ಪಡೆದಿದ್ದೆವು. ಈ ಸಲ ಪಕ್ಕದ ಒಂದು ಊರನ್ನೂ ಹೋಲಿಕೆಗೆ ಇಟ್ಟುಕೊಂಡೆವು, ಎಣಿಕೆಯನ್ನು ಎರಡೂ ಕಡೆ ಒಂದೇ ವಾರ, ಸಂತೆಯ ದಿನ ತಪ್ಪಿಸಿ ಮಾಡಿದೆವು.

ಹೆಂಗಸರ ಕಡೆ ಕೆಲಸ ನಿಧಾನದ್ದು. ಬಸುರಿ ಎಂದು ಹೆಸರು ಬರೆಸಲು ಬಂದ ದಿನವೇ ಮಶೇರಿ ಕೇಳುವುದು, ತಾಯಿ ಕಾರ್ಡಿನ ಅಂಚಿನಲ್ಲಿ ದಿನಕ್ಕೆ ಎಷ್ಟು ಸಲ ಎಂದು ಗುರುತು ಹಾಕುವುದು, ಪ್ರತಿ ಭೇಟಿಯಲ್ಲೂ ಮತ್ತೆ ಕೇಳುವುದು. "ಬಿಟ್ಟುಬಿಡು" ಎಂಬ ಮಾತು ನಡೆಯಲಿಲ್ಲ. "ಮಧ್ಯಾಹ್ನದ್ದು ಬಿಡು, ಮುಂಜಾನಿದ್ದು ಕಡೀಕ ನೋಡೋಣ" ಎಂಬುದು ನಡೆಯಿತು. ಎಲ್ಲಕ್ಕಿಂತ ಗಟ್ಟಿಯಾದ ಚಟ ಮುಂಜಾನೆಯದೇ, ಯಾಕೆಂದರೆ ರಾತ್ರಿಯೆಲ್ಲ ನಿಕೋಟಿನ್ ಇಳಿದಿರುತ್ತದೆ. ರಾಷ್ಟ್ರೀಯ ಸಹಾಯವಾಣಿ 1800-112-356 ಇದೆ, ಪುಕ್ಕಟೆ, ಹೇಳಿದೆವು. ಸ್ವಂತ ಫೋನು ಇಲ್ಲದ ಸೊಸೆ ಅತ್ತೆಯ ಮುಂದೆ ಕುಳಿತು ಕರೆ ಮಾಡುವುದು ಕಷ್ಟ. ಹೆಚ್ಚು ಕೆಲಸ ಮಾಡಿದ್ದು ಆಶಾ ಕಾರ್ಯಕರ್ತೆಯೇ, ಅದೂ ತಾನು ಬಿಡಲು ಹೆಣಗಾಡುತ್ತಿದ್ದುದನ್ನು ಮುಚ್ಚಿಡದೆ ಹೇಳಿಕೊಂಡಿದ್ದರಿಂದ. "ಮೂರ ದಿನ ಹುಚ್ಚ ಹಿಡದಂಗ ಆಗತೈತಿ, ನಾಲ್ಕನೇ ದಿನ ಹಸಿವಿ ಆಗತೈತಿ" ಎಂದು ಅವಳು ಹೇಳುತ್ತಿದ್ದ ಮಾತಿನಷ್ಟು ನಮ್ಮ ಕರಪತ್ರ ಯಾವುದೂ ನಾಟಲಿಲ್ಲ.

ಮನೆಮನೆಗೆ ಹೋಗಿ ಮಾತಾಡಿದರೆ ಫಲವಿದೆಯೇ ಎಂಬ ಅನುಮಾನ ಇರುವವರಿಗೆ ಹಳೆಯ ಪುರಾವೆಯೊಂದಿದೆ. ಎರ್ನಾಕುಲಂ, ಭಾವನಗರ, ಶ್ರೀಕಾಕುಲಂ ಜಿಲ್ಲೆಗಳಲ್ಲಿ 36,000 ತಂಬಾಕು ಬಳಕೆದಾರರನ್ನು ಇಟ್ಟುಕೊಂಡು ನಡೆದ ಅಧ್ಯಯನ, 1986ರಲ್ಲಿ ವರದಿಯಾದದ್ದು. ಬಾಯಿ ಪರೀಕ್ಷೆ ಮಾಡುತ್ತ, ಅದೇ ಹೊತ್ತಿನಲ್ಲಿ ಒಬ್ಬೊಬ್ಬರಿಗೂ ತಿಳಿಹೇಳುತ್ತ ಹೋದರು. ಬಿಟ್ಟವರ ಸಂಖ್ಯೆ ಹೆಚ್ಚಿತು, ಕ್ಯಾನ್ಸರಿಗೆ ಮುನ್ನ ಬಾಯಲ್ಲಿ ಬರುವ ಬಿಳಿ ಮಚ್ಚೆಯೂ ಕಡಿಮೆಯಾಯಿತು. ಅಲ್ಲಿ ಅವರು ಅಳೆದದ್ದು ಬಾಯನ್ನೇ.

ಸಂಖ್ಯೆ ಏರಿದ ಕಥೆ

ಕೊನೆಯ ಸಮೀಕ್ಷೆಯಲ್ಲಿ ಮಕ್ಕಳ ತಂಬಾಕು ಬಳಕೆ ಏರಿತ್ತು. ಸೊನ್ನೆಯಿಂದ ಏರಿದ್ದು. ಏರದೆ ಇರಲು ಸಾಧ್ಯವೇ ಇರಲಿಲ್ಲ, ಕೇಳಲು ಕಲಿತಿದ್ದೆವು.

ಹಣ ಕೊಟ್ಟವರ ಕಚೇರಿಯಲ್ಲಿ ವರದಿ ಓದಿದವರು ಮೊದಲ ಪುಟದ ಎರಡು ಸಂಖ್ಯೆ ನೋಡಿದರು. "ಮೊದಲು ಇರಲಿಲ್ಲ, ನೀವು ಹೋದ ಮೇಲೆ ಬಂತು?" ಎಂದರು. ನಗುತ್ತಲೇ ಕೇಳಿದರು, ಆದರೆ ಮುಂದಿನ ವರ್ಷದ ಹಣದ ಮಾತು ಆ ನಗುವಿನ ಹಿಂದೆಯೇ ಇತ್ತು. ನಮ್ಮಲ್ಲೇ ಒಬ್ಬರು ಒಂದು ಉಪಾಯ ಹೇಳಿದರು. ಮಶೇರಿಯನ್ನು "ಬಾಯಿಯ ಆರೋಗ್ಯ" ಎಂಬ ಬೇರೆ ತಲೆಬರಹದ ಕೆಳಗೆ ಹಾಕಿಬಿಡೋಣ, ತಂಬಾಕಿನ ಕೋಷ್ಟಕ ಮೊದಲಿನಂತೆ ಚೊಕ್ಕ ಇರುತ್ತದೆ. ಅರ್ಧ ದಿನ ನಾನೂ ಆ ಉಪಾಯದ ಕಡೆ ವಾಲಿದ್ದೆ. ಎರಡು ಹುಡುಗಿಯರ ಸಂಬಳ ಆ ಹಣದ ಮೇಲೆ ನಿಂತಿತ್ತು.

ಕೊನೆಗೆ ಎರಡು ಕೋಷ್ಟಕ ಕೊಟ್ಟೆವು. ಹಳೆಯ ಪ್ರಶ್ನೆಯನ್ನೂ ಹೊಸ ಹಾಳೆಯ ಕಡೆಯಲ್ಲಿ ಇದ್ದಂತೆಯೇ ಉಳಿಸಿಕೊಂಡಿದ್ದೆವು, ಅದು ಪುಣ್ಯಕ್ಕೆ. ಹಳೆಯ ಪ್ರಶ್ನೆಗೆ ಹೊಸ ಉತ್ತರ ಒಂದು ಕಡೆ, ನಮೂನೆ ತೋರಿಸಿ ಕೇಳಿದ್ದಕ್ಕೆ ಬಂದ ಉತ್ತರ ಇನ್ನೊಂದು ಕಡೆ. ಎರಡರ ನಡುವೆ ಗೆರೆ ಎಳೆದು, "ಇವೆರಡನ್ನು ಹೋಲಿಸಬಾರದು" ಎಂದು ಕಣ್ಣಿಗೆ ಬೀಳುವಂತೆ ಬರೆದೆವು. ಮಶೇರಿಯ ಮಟ್ಟಿಗೆ ಇದು ಮೊದಲ ಅಳತೆ, ಫಲಿತಾಂಶ ಅಲ್ಲ ಎಂದೂ ಬರೆದೆವು. ಎರಡು ವರ್ಷದ ಕಾರ್ಯಕ್ರಮದ ಕೊನೆಯಲ್ಲಿ ಮೊದಲ ಅಳತೆ ಎನ್ನುವುದು ಯಾವ ವರದಿಗೂ ಶೋಭೆ ತರುವ ಮಾತಲ್ಲ.

ಏನು ಬದಲಾಯಿತು ಎಂದು ಕೇಳುತ್ತೀರಿ. ಗರ್ಭಿಣಿಯರಲ್ಲಿ ಕೆಲವರು ಹೆರಿಗೆಯವರೆಗೆ ಬಿಟ್ಟರು. ಅವರಲ್ಲಿ ಎಷ್ಟು ಜನ ಬಾಣಂತನದಲ್ಲಿ ಮತ್ತೆ ಹಚ್ಚಿದರು ಎಂದು ನೋಡುವ ಹೊತ್ತಿಗೆ ನಮ್ಮ ಅವಧಿ ಮುಗಿದಿತ್ತು. ಮುದುಕಿಯರು ಬಿಡಲಿಲ್ಲ, ಅವರ ಹಿಂದೆ ಬೀಳುವುದನ್ನು ನಾವೇ ಬಿಟ್ಟೆವು. ಬದಲಿಗೆ ಅವರನ್ನು ಕೇಳಿದ್ದು ಒಂದೇ: ಹುರಿಯುವಾಗ ಹೊರಗೆ ಹುರಿಯಿರಿ, ಡಬ್ಬಿಯನ್ನು ಮೇಲಿನ ಮಾಡದಲ್ಲಿಡಿ, ಕೂಸಿನ ಬೆರಳಿಗೆ ಹಾಕಬೇಡಿ. ಸಭೆಯಲ್ಲಿ ಡಬ್ಬಿ ತೋರಿಸಿದ ಆಯಿಯ ಮನೆಗೆ ಕೊನೆಯ ಸಲ ಹೋದಾಗ ಡಬ್ಬಿ ಮಾಡದಲ್ಲೇ ಇತ್ತು. ಮೊಮ್ಮಗಳನ್ನು ಕರೆದು, "ಅದನ್ನ ತಗದಕೊಡ ಇಲ್ಲಿ, ನನಗ ಕೈ ನಿಲಕೂದಿಲ್ಲ" ಎಂದಳು.

ಮುಂದಿನ ಹಂತಕ್ಕೆ ಬೇರೆಯವರು ಬಂದಿದ್ದಾರೆ, ಚಿಕ್ಕೋಡಿ ಕಡೆಯ ಇನ್ನಷ್ಟು ಊರುಗಳಿಗೆ. ಅವರಿಗೆ ನಮ್ಮ ಪ್ರಶ್ನಾವಳಿ ಕೊಟ್ಟೆವು. ಮುದ್ರಣದಿಂದ ಬಂದ ಕಟ್ಟು ಬಿಚ್ಚಿದಾಗ ಎಲ್ಲ ಕಡೆ "ಮಿಶ್ರಿ" ಎಂದಿತ್ತು. ಡಿಟಿಪಿಯ ಹುಡುಗ "ಮಶೇರಿ" ಕಾಗುಣಿತದ ತಪ್ಪೆಂದುಕೊಂಡು ತಿದ್ದಿದ್ದ. ನಾಲ್ವರು ಕೂತು ರಾತ್ರಿಯವರೆಗೆ ಒಂದೊಂದು ಹಾಳೆಯ ಮೇಲೂ ಪೆನ್ನಿನಿಂದ ಗೀಟು ಹಾಕಿ ಮಶೇರಿ ಎಂದು ಬರೆದೆವು.